ಮೊದಲು ಫಾರಂ ಕೊಡಿ, ಸೂತ್ರ ಆಮೇಲೆ: ಸಮಾಜ ವಿಜ್ಞಾನ ವಿಭಾಗಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ವಿಶ್ವವಿದ್ಯಾಲಯಗಳ ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಕಾರ್ಯ ವಿಭಾಗಗಳ ಮುಖ್ಯಸ್ಥರಿಗೆ, ಪಠ್ಯಕ್ರಮ ಮಾಡುವ ಅಧ್ಯಯನ ಮಂಡಳಿಗಳ ಸದಸ್ಯರಿಗೆ,

ನಮಸ್ಕಾರ ಸರ್, ನಮಸ್ಕಾರ ಮೇಡಂ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಸಮಾಜಶಾಸ್ತ್ರದಲ್ಲಿ ಎಂಎ ಮುಗಿಸಿ, ಕೆಲವು ವರ್ಷ ಬೇರೆ ಬೇರೆ ಸರ್ವೆಗಳಿಗೆ ಮನೆ ಮನೆ ಸುತ್ತಿ ಫಾರಂ ತುಂಬಿದೆ. ಈಗ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರದ ಪೇಪರ್ ತೆಗೆದುಕೊಳ್ಳುತ್ತೇನೆ. ಈ ಪೇಪರ್ ಅಂದರೆ ನಮ್ಮ ಹುಡುಗ ಹುಡುಗಿಯರಿಗೆ ಭಯ. ಹತ್ತನೇ ಕ್ಲಾಸಿಗೇ ಗಣಿತದ ಕೈ ಬಿಟ್ಟು ಆರ್ಟ್ಸ್ ಕಡೆ ಬಂದವರೇ ಅವರಲ್ಲಿ ಜಾಸ್ತಿ. ಈ ಪತ್ರ ಬರೆಯಲು ಕಾರಣ ಅವರೇ.

ನಾನು ಕೇಳುವುದು ಒಂದೇ. ಸಂಖ್ಯಾಶಾಸ್ತ್ರವನ್ನು ಸೂತ್ರದಿಂದ ಶುರು ಮಾಡಬೇಡಿ. ಒಂದು ಅಂಕಿ ಯಾರ ಬಾಯಿಂದ ಬಂತು, ಯಾರು ಬರೆದುಕೊಂಡರು, ಕೇಳಿದ್ದೇನು, ಉತ್ತರ ಕೊಟ್ಟವರಿಗೆ ಅರ್ಥವಾಗಿದ್ದೇನು, ಅಲ್ಲಿಂದ ಶುರು ಮಾಡಿ.

ನಾನು ಎಂಎ ಮಾಡುವಾಗ ಸಂಖ್ಯಾಶಾಸ್ತ್ರ ಅಂದರೆ ಒಂದು ಪೇಪರಿನ ಕೊನೆಯ ಘಟಕ. ಸರಾಸರಿ, ಮಧ್ಯಾಂಕ, ಬಹುಲಕ (ಅತಿ ಹೆಚ್ಚು ಸಲ ಬರುವ ಅಂಕಿ), ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ), ಕೈ-ವರ್ಗ ಪರೀಕ್ಷೆ. ಬೋರ್ಡಿನ ಮೇಲೆ ಹತ್ತು ಅಂಕಿ ಬರೆಯುತ್ತಿದ್ದರು, ನಾವು ಕೋಷ್ಟಕ ಹಾಕಿ ಲೆಕ್ಕ ಮಾಡುತ್ತಿದ್ದೆವು. ಆ ಹತ್ತು ಅಂಕಿ ಯಾರದು, ಎಲ್ಲಿಂದ ಬಂದವು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಆ ಘಟಕಕ್ಕೆ ಪೂರ್ತಿ ಅಂಕ ಬಂತು. ಆಮೇಲೆ ಮೊದಲ ಸಲ ಸರ್ವೆ ಫಾರಂ ಹಿಡಿದು ಒಂದು ಹಳ್ಳಿಯ ಜಗಲಿ ಮೇಲೆ ಕೂತೆ. ಮೊದಲನೇ ಪ್ರಶ್ನೆ ಹೆಸರು, ಎರಡನೇದು ವಯಸ್ಸು. ಎರಡನೇ ಪ್ರಶ್ನೆಯಲ್ಲೇ ನಾನು ನಿಂತುಹೋದೆ.

"ಒಂದ್ ಅರವತ್ತು ಬರ್ಕೊ ಮಗ," ಅಂದರು ಆ ಅಜ್ಜಿ.

ಬರೆದುಕೊಂಡೆ. ಪಕ್ಕದಲ್ಲಿ ಕೂತಿದ್ದ ಅವರ ದೊಡ್ಡ ಮಗ ತನಗೆ ಐವತ್ತು ಅಂದರು. ಅದನ್ನೂ ಬರೆದುಕೊಂಡೆ. ಎರಡು ಸಾಲು ಕೆಳಗೆ ಹೋದ ಮೇಲೆ ತಲೆಗೆ ಹೊಳೆಯಿತು, ಹತ್ತು ವರ್ಷಕ್ಕೆ ಮಗು ಹೆತ್ತರಾ ಇವರು? ತರಬೇತಿಯಲ್ಲಿ ಇದಕ್ಕೊಂದು ದಾರಿ ಹೇಳಿಕೊಟ್ಟಿದ್ದರು, ಆದರೆ ಒಂದೇ ನಿಮಿಷದಲ್ಲಿ ಹೇಳಿ ಮುಗಿಸಿದ್ದರು. ವಯಸ್ಸನ್ನು ನೇರ ಕೇಳಬೇಡಿ, ನಡೆದ ಸಂಗತಿ ಹಿಡಿದು ಕೇಳಿ ಅಂತ. ಇಂದಿರಾ ಗಾಂಧಿ ಚಿಕ್ಕಮಗಳೂರಿಂದ ಗೆದ್ದಾಗ ನಿಮಗೆ ಮದುವೆ ಆಗಿತ್ತಾ? ಅವರು ತೀರಿಕೊಂಡ ವರ್ಷ ದೊಡ್ಡ ಮಗ ಸ್ಕೂಲಿಗೆ ಹೋಗುತ್ತಿದ್ದನಾ? ಮೊದಲನೇದು 1978, ಎರಡನೇದು 1984. ಹಾಗೆ ಕೇಳುತ್ತಾ ಹೋದರೆ ಅಜ್ಜಿಯ ವಯಸ್ಸು ಎಪ್ಪತ್ತು ದಾಟುತ್ತದೆ. ಕಾಲು ಗಂಟೆ ಬೇಕು. ಆದರೆ ನಮಗೆ ದಿನಕ್ಕೆ ಇಷ್ಟು ಫಾರಂ ಮುಗಿಸಬೇಕು ಅನ್ನುವ ಲೆಕ್ಕ ಇತ್ತು. ಎಷ್ಟು ಕಡೆ ಕಾಲು ಗಂಟೆ ಕೂರಲು ಆಗುತ್ತದೆ ಹೇಳಿ.

ಸಂಜೆ ಫಾರಂಗಳನ್ನು ಜೋಡಿಸುವಾಗ ನೋಡಿದರೆ ಮೂವತ್ತು, ಮೂವತ್ತೈದು, ನಲವತ್ತು, ನಲವತ್ತೈದು, ಐವತ್ತು. ಮೂವತ್ತೇಳು, ನಲವತ್ಮೂರು ವಯಸ್ಸಿನವರು ಊರಲ್ಲೇ ಇಲ್ಲವೇನೋ ಅನ್ನುವ ಹಾಗೆ. ಇದು ನನ್ನೊಬ್ಬಳ ಫಾರಂ ಕಥೆ ಅಂದುಕೊಂಡಿದ್ದೆ. ಬಹಳ ವರ್ಷ ಆದ ಮೇಲೆ ಗೊತ್ತಾಯಿತು, ನಮ್ಮ ದೇಶದ ಜನಗಣತಿಯ ವಯಸ್ಸಿನ ಪಟ್ಟಿಯಲ್ಲೂ ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸುಗಳು ಹೀಗೇ ಗುಡ್ಡೆ ಬೀಳುತ್ತವೆ. ಇದನ್ನು ಅಳೆಯಲು ವಿಪಲ್ ಸೂಚ್ಯಂಕ ಅಂತ ಒಂದಿದೆ. 23ರಿಂದ 62 ವರ್ಷದೊಳಗಿನವರನ್ನು ತಗೊಳ್ಳಿ. ಅದರಲ್ಲಿ 0 ಅಥವಾ 5ರಲ್ಲಿ ಮುಗಿಯುವ ವಯಸ್ಸಿನವರು ಎಷ್ಟು ಜನ ಅಂತ ಎಣಿಸಿ, ಐದರಿಂದ ಗುಣಿಸಿ, ಒಟ್ಟು ಜನರ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿ. ಜನ ಸರಿಯಾಗಿ ವಯಸ್ಸು ಹೇಳಿದ್ದರೆ ಉತ್ತರ 100ರ ಹತ್ತಿರ ಇರುತ್ತದೆ. ಎಲ್ಲರೂ ಸೊನ್ನೆ ಮತ್ತು ಐದನ್ನೇ ಹೇಳಿದ್ದರೆ 500. ವಿಶ್ವಸಂಸ್ಥೆಯ ಅಳತೆಯಲ್ಲಿ 105ಕ್ಕಿಂತ ಕಡಿಮೆ ಇದ್ದರೆ ತುಂಬಾ ಒಳ್ಳೆಯ ಮಾಹಿತಿ, 175 ದಾಟಿದರೆ ತೀರಾ ಒರಟು.

ಕೂಡು, ಗುಣಿಸು, ಭಾಗಿಸು. ಇಷ್ಟೇ ಗಣಿತ. ಐದನೇ ಕ್ಲಾಸಿನ ಗಣಿತ. ನಾನು ಇದನ್ನು ಕ್ಲಾಸಿನಲ್ಲಿ ಮಾಡಿಸಿದ ದಿನ, ಸಂಖ್ಯಾಶಾಸ್ತ್ರ ಅಂದರೆ ತಲೆ ತಗ್ಗಿಸುವ ಒಬ್ಬ ಹುಡುಗಿ, ಎಲ್ಲರಿಗಿಂತ ಮೊದಲು ಕೈ ಎತ್ತಿ, "ಮೇಡಂ, ಹೆಂಗಸರದ್ದು ಗಂಡಸರದ್ದು ಬೇರೆ ಬೇರೆ ಮಾಡಿ ನೋಡೋಣ್ವಾ?" ಅಂತ ಕೇಳಿದಳು. ಯಾಕೆ ಅಂದರೆ, ಹೆಂಗಸರ ವಯಸ್ಸನ್ನು ಬೇರೆ ಯಾರೋ ಹೇಳಿರುತ್ತಾರೆ ಅಂದಳು. ನಾನು ಆ ಮಾತನ್ನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅವಳ ಮನೆಯಲ್ಲಿ ನೋಡಿದ್ದನ್ನು ಅವಳು ಅಂಕಿಯೊಳಗೆ ನೋಡಿದಳು. ನಮ್ಮ ವಿದ್ಯಾರ್ಥಿಗಳಿಗೆ ಇರುವ ಶಕ್ತಿ ಇದು. ಮಾನಕ ವಿಚಲನೆಯಿಂದ ಪಾಠ ಶುರು ಮಾಡಿದರೆ ಈ ಶಕ್ತಿ ಕ್ಲಾಸಿನ ಬಾಗಿಲ ಹೊರಗೇ ಉಳಿದುಬಿಡುತ್ತದೆ.

ಇನ್ನೊಂದು ಮನೆಯ ಕಥೆ ಹೇಳಬೇಕು. ಇದನ್ನು ನಾನು ಮರೆಯಲು ಆಗಿಲ್ಲ.

ಅದು ಉದ್ಯೋಗದ ಬಗ್ಗೆ ಒಂದು ಸರ್ವೆ. ಮನೆಯ ಯಜಮಾನರು ಹೇಳಿದರು: "ನಂದು ವ್ಯವಸಾಯ. ಮಗ ಗಾರ್ಮೆಂಟ್ಸಿಗೆ ಹೋಗ್ತಾನೆ. ಇವಳು ಮನೇಲೇ ಇರ್ತಾಳೆ." ಹಾಗೆ ಹೇಳುವ ಹೊತ್ತಿಗೆ "ಇವಳು" ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಹೊಲದಿಂದ ಬಂದರು. ಕೊಟ್ಟಿಗೆಯಲ್ಲಿ ಎರಡು ಹಸು. ಬೆಳಿಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕುವವರು ಅವರೇ. ಡೇರಿಯ ಪಾಸ್‌ಬುಕ್ ಇರುವುದೂ ಅವರ ಹೆಸರಲ್ಲೇ. ನಾನು ಬರೆದದ್ದು ಮಾತ್ರ ಯಜಮಾನರು ಹೇಳಿದ್ದನ್ನು.

ಸರ್ಕಾರದ ಉದ್ಯೋಗ ಸಮೀಕ್ಷೆಗಳಲ್ಲಿ ಪ್ರತಿಯೊಬ್ಬರ ಕೆಲಸಕ್ಕೂ ಒಂದು ಕೋಡ್ ಇರುತ್ತದೆ. 92 ಅಂದರೆ ಮನೆಗೆಲಸ ಮಾತ್ರ. 93 ಅಂದರೆ ಮನೆಗೆಲಸದ ಜೊತೆಗೆ ಸೌದೆ, ಮೇವು ತರುವುದು, ಮನೆಯವರಿಗೆ ಬಟ್ಟೆ ಹೊಲಿಯುವುದು ಇಂಥವು. ಈ ಎರಡು ಕೋಡ್‌ನವರು ಕೆಲಸಗಾರರ ಲೆಕ್ಕದಲ್ಲಿ ಬರುವುದಿಲ್ಲ. 21 ಅಂದರೆ ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ಕೈ ಜೋಡಿಸುವವರು. ಅವರು ಕೆಲಸಗಾರರು. ಹಾಲು ಮಾರುವ ಮನೆಯಲ್ಲಿ ಹಸು ನೋಡಿಕೊಳ್ಳುವ ಹೆಂಗಸು 21ಕ್ಕೆ ಬರಬೇಕು, ಲೆಕ್ಕ ಅವರದೇ ಆಗಿದ್ದರೆ ಸ್ವಂತ ಕಸುಬಿನ 11ಕ್ಕೆ ಬರಬೇಕು. ವರ್ಷದಲ್ಲಿ ಮೂವತ್ತು ದಿನದಷ್ಟು ಮಾಡಿದರೂ ಉಪ ಕೆಲಸ ಅಂತ ದಾಖಲಿಸಲು ಪ್ರತ್ಯೇಕ ಜಾಗ ಇದೆ. ನಿಯಮ ಸರಿಯಾಗಿಯೇ ಇದೆ. ಆದರೆ "ಮನೇಲೇ ಇರ್ತಾಳೆ" ಅನ್ನುವ ಮಾತಿಗೆ ಪೆನ್ನು ತಾನಾಗಿ 92 ಬರೆದುಬಿಡುತ್ತದೆ. ಅದನ್ನು ತಡೆಯಬೇಕಾದರೆ ಎದುರಿಗೆ ಇರುವ ಕೊಟ್ಟಿಗೆ ಕಣ್ಣಿಗೆ ಬೀಳಬೇಕು, ಇನ್ನೊಂದು ಪ್ರಶ್ನೆ ಕೇಳುವ ತಾಳ್ಮೆ ಬೇಕು, ಸಾಧ್ಯವಾದರೆ ಆ ಹೆಂಗಸನ್ನೇ ಕೇಳಬೇಕು.

ಈಗ ದೊಡ್ಡ ಅಂಕಿಗೆ ಬನ್ನಿ. ಸರ್ಕಾರದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ 2017-18ರಲ್ಲಿ ಶುರುವಾಯಿತು. ಹದಿನೈದು ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ಕೆಲಸದಲ್ಲಿರುವವರು, ಕೆಲಸ ಹುಡುಕುತ್ತಿರುವವರು ಸೇರಿ ಆಗ ಶೇ 23.3. ಅದೇ 2023-24ರಲ್ಲಿ ಶೇ 41.7. ಆರು ವರ್ಷದಲ್ಲಿ ಇಷ್ಟು ಏರಿಕೆ. ಹೆಂಗಸರಿಗೆ ಕೆಲಸ ಸಿಕ್ಕಿತು ಅನ್ನುವವರಿದ್ದಾರೆ. ಮನೆ ನಡೆಯದೆ ಕಷ್ಟಕ್ಕೆ ಸಿಕ್ಕಿ ಹೊಲಕ್ಕಿಳಿದರು ಅನ್ನುವವರಿದ್ದಾರೆ. ಮೊದಲು 92 ಅಂತ ಬರೆಯುತ್ತಿದ್ದದ್ದನ್ನು ಈಗ ಸರಿಯಾಗಿ ಕೇಳಿ 21 ಅಂತ ಬರೆಯುತ್ತಿದ್ದಾರೆ ಅನ್ನುವವರೂ ಇದ್ದಾರೆ. ಏರಿಕೆಯಲ್ಲಿ ದೊಡ್ಡ ಪಾಲು ಸ್ವಂತ ಕಸುಬು ಮತ್ತು ಸಂಬಳವಿಲ್ಲದ ಕುಟುಂಬದ ಕೆಲಸದ್ದು ಅನ್ನುವುದು ಮಾತ್ರ ಪಟ್ಟಿಯಲ್ಲೇ ಕಾಣುತ್ತದೆ. ಈ ಮೂರು ಮಾತಿನಲ್ಲಿ ಯಾವುದು ಎಷ್ಟು ನಿಜ ಅಂತ ತೂಗಿ ನೋಡಲು ಗಣಿತದ ಪದವಿ ಸಾಲದು. ಕೊಟ್ಟಿಗೆ ಗೊತ್ತಿರಬೇಕು, ಕೋಡ್ ಗೊತ್ತಿರಬೇಕು, ಆಮೇಲೆ ಶೇಕಡಾವಾರು ಗೊತ್ತಿರಬೇಕು. ನಮ್ಮ ಎಂಎ ಮಕ್ಕಳಿಗೆ ಮೊದಲನೇದು ಹುಟ್ಟಿನಿಂದ ಗೊತ್ತು. ಉಳಿದೆರಡನ್ನು ನಾವು ಕಲಿಸಬೇಕು, ಅಲ್ವಾ?

ಇದರ ಪಕ್ಕದಲ್ಲೇ 2024ರ ಸಮಯ ಬಳಕೆ ಸಮೀಕ್ಷೆಯನ್ನು ಇಟ್ಟು ನೋಡಿ. ಅದರಲ್ಲಿ ನೀವು ಏನು ಕೆಲಸ ಮಾಡುತ್ತೀರಿ ಅಂತ ಕೇಳಿ ಅಷ್ಟಕ್ಕೇ ಬಿಡಲಿಲ್ಲ. ಇಡೀ ದಿನ ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಅಂತ ಕೇಳಿದರು. ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. "ಮನೇಲೇ ಇರ್ತಾಳೆ" ಅನ್ನುವ ಎರಡು ಪದದೊಳಗೆ ಏನೇನಿದೆ ಅಂತ ಪ್ರಶ್ನೆಯ ರೀತಿ ಬದಲಾದಾಗ ಹೊರಗೆ ಬಂತು.

ಪ್ರಶ್ನೆಯ ರೀತಿ ಅಂದೆನಲ್ಲ, ನಮ್ಮ ದೇಶದಲ್ಲಿ ಬಡವರೆಷ್ಟು ಅನ್ನುವ ಲೆಕ್ಕವೇ ಒಮ್ಮೆ ಪ್ರಶ್ನೆಯ ರೀತಿಗೆ ಸಿಕ್ಕಿಹಾಕಿಕೊಂಡಿತ್ತು. 1999-2000ದ ರಾಷ್ಟ್ರೀಯ ಮಾದರಿ ಸಮೀಕ್ಷೆ, 55ನೇ ಸುತ್ತು. ಊಟ ತಿಂಡಿಯ ಖರ್ಚನ್ನು ಮೊದಲೆಲ್ಲ ಕಳೆದ ಮೂವತ್ತು ದಿನದ್ದು ಅಂತ ಕೇಳುತ್ತಿದ್ದರು. ಆ ಸುತ್ತಿನಲ್ಲಿ ಒಂದೇ ಫಾರಂನಲ್ಲಿ ಕಳೆದ ಏಳು ದಿನ, ಕಳೆದ ಮೂವತ್ತು ದಿನ ಎರಡನ್ನೂ ಅಕ್ಕಪಕ್ಕ ಕೇಳಿದರು. ಏಳು ದಿನದ್ದು ಜನಕ್ಕೆ ಚೆನ್ನಾಗಿ ನೆನಪಿರುತ್ತದೆ, ತಿಂಗಳದ್ದು ಮರೆಯುತ್ತದೆ. ಎರಡನ್ನೂ ಒಟ್ಟಿಗೆ ಕೇಳಿದರೆ ಏನಾಗುತ್ತದೆ? ವಾರದ್ದನ್ನು ನಾಲ್ಕರಿಂದ ಗುಣಿಸಿ ತಿಂಗಳದ್ದಕ್ಕೆ ಹೊಂದಿಸಿಬಿಡುತ್ತೇವೆ. ಉತ್ತರ ಕೊಡುವವರೂ ಹೊಂದಿಸುತ್ತಾರೆ, ಬರೆದುಕೊಳ್ಳುವವರೂ ಹೊಂದಿಸುತ್ತಾರೆ. ತಿಂಗಳ ಖರ್ಚು ಮೇಲೇರಿತು, ಬಡವರ ಲೆಕ್ಕ 1993-94ರ ಶೇ 36ರಿಂದ ಶೇ 26ಕ್ಕೆ ಇಳಿಯಿತು. ಇಳಿದದ್ದರಲ್ಲಿ ಬಡತನದ ಪಾಲೆಷ್ಟು, ಪ್ರಶ್ನೆಯ ಪಾಲೆಷ್ಟು ಅಂತ ಆಂಗಸ್ ಡೀಟನ್, ಜೀನ್ ಡ್ರೆಜ್ ಅಂಥ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಕೂತು ಬಿಡಿಸಬೇಕಾಯಿತು. ಕಳೆದ ತಿಂಗಳು ಎಷ್ಟು ಸೋಪು ತಂದಿರಿ ಅಂತ ಯಾವುದಾದರೂ ಮನೆಯಲ್ಲಿ ಒಮ್ಮೆ ಕೇಳಿ ನೋಡಿದ ವಿದ್ಯಾರ್ಥಿಗೆ ಈ ಇಡೀ ಜಗಳ ಹತ್ತು ನಿಮಿಷದಲ್ಲಿ ಅರ್ಥವಾಗುತ್ತದೆ. ಕೇಳದೇ ಇದ್ದವರಿಗೆ ಅದೊಂದು ಬಾಯಿಪಾಠದ ಟಿಪ್ಪಣಿ.

2021ರ ನವೆಂಬರ್‌ನಲ್ಲಿ ಬಂದ ಸುದ್ದಿ ನಿಮಗೆ ನೆನಪಿರಬಹುದು. ಭಾರತದಲ್ಲಿ ಮೊದಲ ಸಲ ಗಂಡಸರಿಗಿಂತ ಹೆಂಗಸರು ಜಾಸ್ತಿ, ಸಾವಿರ ಗಂಡಸರಿಗೆ 1,020 ಹೆಂಗಸರು, ಅಂತ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಅಂಕಿ ಅದು. 2011ರ ಜನಗಣತಿಯಲ್ಲಿ ಅದು 943 ಇತ್ತು. ಹತ್ತು ವರ್ಷದಲ್ಲಿ ಒಂದು ದೇಶದ ಲಿಂಗಾನುಪಾತ ಇಷ್ಟು ಜಿಗಿಯಲು ಸಾಧ್ಯವಾ ಅಂತ ಯಾರಾದರೂ ನಿಂತು ಕೇಳಬೇಕಿತ್ತು. ಆ ವಾರ ನನ್ನ ಕಾಲೇಜಿನ ನೋಟಿಸ್ ಬೋರ್ಡಿನ ಮೇಲೆ ಆ ಸುದ್ದಿಯ ತುಣುಕನ್ನು ಸಂತೋಷದಿಂದ ಅಂಟಿಸಿದ್ದರು.

ಆ ಸಮೀಕ್ಷೆ ಹೋಗುವುದು ಮನೆಗಳಿಗೆ. ಹಾಸ್ಟೆಲ್, ಸೇನೆಯ ಬ್ಯಾರಕ್, ಜೈಲು ಅದರಲ್ಲಿ ಇಲ್ಲ. ಮನೆಯಲ್ಲಿ ಹಿಂದಿನ ರಾತ್ರಿ ಯಾರು ಮಲಗಿದ್ದರು ಅಂತ ನೋಡಿ ಈ ಅನುಪಾತ ಲೆಕ್ಕ ಹಾಕುತ್ತಾರೆ. ಬಿಹಾರವನ್ನು ನೋಡಿ. ಈ ಸಮೀಕ್ಷೆಯ ಪ್ರಕಾರ ಅಲ್ಲಿ ಸಾವಿರ ಗಂಡಸರಿಗೆ 1,090 ಹೆಂಗಸರು. 2011ರ ಜನಗಣತಿಯ ಪ್ರಕಾರ 918. ಹಾಗಾದರೆ ಆ ಗಂಡಸರು ಎಲ್ಲಿ ಹೋದರು? ಅವರಲ್ಲಿ ಎಷ್ಟೋ ಜನ ಆ ರಾತ್ರಿ ನಮ್ಮ ಬೆಂಗಳೂರಿನಲ್ಲಿ, ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್‌ನಲ್ಲಿ ಮಲಗಿದ್ದರು. ಅಂಥ ಶೆಡ್ಡುಗಳನ್ನು ಮನೆ ಅಂತ ಪಟ್ಟಿ ಮಾಡಿಕೊಂಡು ಯಾರಾದರೂ ಬಾಗಿಲು ತಟ್ಟುವುದು ಎಷ್ಟು ಅಪರೂಪ ಅಂತ ಸರ್ವೆ ಮಾಡಿದವರಿಗೆಲ್ಲ ಗೊತ್ತು. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇತ್ತು. ಹಿಂದಿನ ಐದು ವರ್ಷದಲ್ಲಿ ಹುಟ್ಟಿದ ಮಕ್ಕಳಲ್ಲಿ ಸಾವಿರ ಗಂಡಿಗೆ 929 ಹೆಣ್ಣು. ಹೆಣ್ಣು ಮಗು ಹುಟ್ಟಲು ಬಿಡದ ಕಷ್ಟ ಇನ್ನೂ ಇದೆ ಅಂತ ಆ ಅಂಕಿ ಹೇಳುತ್ತಿತ್ತು. ನೋಟಿಸ್ ಬೋರ್ಡಿಗೆ ಬಂದದ್ದು 1,020. ನಾನು ಇವತ್ತಿಗೂ ಪ್ರತಿ ವರ್ಷ ಮೊದಲ ವಾರ ಈ ಎರಡು ಅಂಕಿಯನ್ನು ಬೋರ್ಡಿನ ಮೇಲೆ ಬರೆದು, ಎರಡೂ ಒಂದೇ ವರದಿಯಲ್ಲಿ ಹೇಗಿವೆ ಅಂತ ಕೇಳಿ ಸುಮ್ನೆ ಕೂರುತ್ತೇನೆ. ಬಿಹಾರದ ಹುಡುಗರ ಜೊತೆ ಗಾರೆ ಕೆಲಸ ಮಾಡಿದ ಹುಡುಗನೊಬ್ಬ ಕ್ಲಾಸಿನಲ್ಲಿ ಇದ್ದೇ ಇರುತ್ತಾನೆ. ಉತ್ತರ ಅವನಿಂದಲೇ ಬರುತ್ತದೆ.

ಮಾದರಿ, ಅಂದರೆ ಎಲ್ಲರ ಪರವಾಗಿ ಆರಿಸಿ ಕೇಳುವ ಜನರ ಗುಂಪು, ದೊಡ್ಡದಾದರೆ ಎಲ್ಲ ಸರಿಹೋಗುತ್ತದೆ ಅನ್ನುವ ನಂಬಿಕೆ ನಮ್ಮ ವಿಭಾಗಗಳಲ್ಲಿ ಗಟ್ಟಿಯಾಗಿದೆ. ಪಿಎಚ್‌ಡಿ ಮಾಡುವವರಿಗೆ ಮುನ್ನೂರು ಸಾಲದು, ಐನೂರು ಮಾಡಿ ಅನ್ನುತ್ತೇವೆ. ಮಾದರಿಯನ್ನು ನಾಲ್ಕು ಪಟ್ಟು ಮಾಡಿದರೆ, ಸುಮ್ನೆ ಅದೃಷ್ಟದಿಂದ ಆಗುವ ಏರುಪೇರು ಅರ್ಧಕ್ಕೆ ಇಳಿಯುತ್ತದೆ, ನಿಜ. ಆದರೆ ತಪ್ಪಾಗಿ ಕೇಳಿದ್ದು, ತಪ್ಪಾಗಿ ಬರೆದದ್ದು ಅದರಿಂದ ಒಂದು ಚೂರೂ ಇಳಿಯುವುದಿಲ್ಲ. 2011ರಲ್ಲಿ ಶುರುವಾದ ಸಾಮಾಜಿಕ ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಮಾದರಿಯ ಮಾತೇ ಇರಲಿಲ್ಲ, ಇಡೀ ದೇಶವನ್ನು ಕೇಳಿದರು. ಬಂದದ್ದು 46 ಲಕ್ಷಕ್ಕಿಂತ ಹೆಚ್ಚು ಜಾತಿ ಹೆಸರು. 1931ರ ಜನಗಣತಿಯಲ್ಲಿ ಇದ್ದದ್ದು 4,147. ಈ ಮಾಹಿತಿ ಬಳಸಲು ಆಗುವಂಥದ್ದಲ್ಲ ಅಂತ ಕೇಂದ್ರ ಸರ್ಕಾರವೇ 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತು. ಜಾತಿಯನ್ನು ಪಟ್ಟಿಯಿಂದ ಆರಿಸುವ ಬದಲು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡರೆ ಉಪಜಾತಿ, ಗೋತ್ರ, ಮನೆತನದ ಹೆಸರು, ಕಾಗುಣಿತದ ವ್ಯತ್ಯಾಸ ಎಲ್ಲವೂ ಬೇರೆ ಬೇರೆ ಜಾತಿಯಾಗಿ ನಿಲ್ಲುತ್ತವೆ. ನಮ್ಮಲ್ಲೇ ಒಬ್ಬರು ಬೆಸ್ತ ಅನ್ನುತ್ತಾರೆ, ಇನ್ನೊಬ್ಬರು ಗಂಗಾಮತಸ್ಥ ಅನ್ನುತ್ತಾರೆ, ಮತ್ತೊಬ್ಬರು ಅಂಬಿಗ ಅನ್ನುತ್ತಾರೆ. ಇದನ್ನು ಎಲ್ಲಿ ಒಂದು ಅಂತ ಎಣಿಸಬೇಕು, ಎಲ್ಲಿ ಮೂರು ಅಂತ ಎಣಿಸಬೇಕು? ಯಾವ ಸಾಫ್ಟ್‌ವೇರ್ ಇದನ್ನು ಹೇಳುತ್ತದೆ? ಇದು ಸಮಾಜಶಾಸ್ತ್ರದ ಪ್ರಶ್ನೆ. ನಾವು ಅಲ್ಲಿ ಇರಬೇಕಿತ್ತು.

ನಮ್ಮ ರಾಜ್ಯದಲ್ಲೇ ಹತ್ತು ವರ್ಷದಲ್ಲಿ ಎರಡು ಸಲ, 2015ರಲ್ಲಿ ಮತ್ತು 2025ರಲ್ಲಿ, ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಾಲೆಯ ಮೇಷ್ಟ್ರು, ಮೇಡಂಗಳು ಮನೆ ಮನೆಗೆ ಹೋದರು. 2025ರ ಫಾರಂನಲ್ಲಿ 60 ಪ್ರಶ್ನೆ. ಟಿವಿಯಲ್ಲಿ ಯಾರು ಎಷ್ಟು ಪರ್ಸೆಂಟ್ ಅನ್ನುವ ಜಗಳ ಮುಗಿಯಲೇ ಇಲ್ಲ. ನಾನು ಯಾವ ಕಡೆಯವಳೂ ಅಲ್ಲ. ನನಗೆ ಬೇಜಾರಾಗಿದ್ದು ಬೇರೆಯದಕ್ಕೆ. ಎಷ್ಟು ಮನೆ ಬೀಗ ಹಾಕಿತ್ತು, ಯಾವ ಪ್ರಶ್ನೆಗೆ ಜನ ತಡವರಿಸಿದರು, ಬಾಡಿಗೆ ಮನೆಯಲ್ಲಿರುವವರು ಎಲ್ಲಿ ಲೆಕ್ಕಕ್ಕೆ ಬಂದರು, ಅರವತ್ತನೇ ಪ್ರಶ್ನೆಗೆ ಬರುವ ಹೊತ್ತಿಗೆ ಎರಡೂ ಕಡೆಯವರು ಎಷ್ಟು ದಣಿದಿದ್ದರು, ಈ ಪ್ರಶ್ನೆಗಳನ್ನು ಇಟ್ಟುಕೊಂಡು ನಮ್ಮ ವಿಭಾಗಗಳಿಂದ ವಿದ್ಯಾರ್ಥಿಗಳು ಆ ಮೇಷ್ಟ್ರುಗಳ ಜೊತೆ ಹೋಗಿ ಕೂತಿದ್ದರೆ ಎಷ್ಟು ಚೆನ್ನಾಗಿತ್ತು. ಒಂದು ಪೀಳಿಗೆಯ ಸಂಶೋಧನಾ ವಿಧಾನದ ಪಾಠ ನಮ್ಮ ಬೀದಿಯಲ್ಲೇ ನಡೆದು ಹೋಯಿತು.

ಈಗ 2027ರ ಜನಗಣತಿ. ಅದರ ಲೆಕ್ಕ ನಿಲ್ಲುವುದು 2027ರ ಮಾರ್ಚ್ 1ರ ದಿನಕ್ಕೆ. ಜಾತಿಯನ್ನೂ ಕೇಳುವ ಗಣತಿ, ಮೊಬೈಲ್ ಆಪ್‌ನಲ್ಲಿ ನಡೆಯುವ ಗಣತಿ. ವಯಸ್ಸು 150 ಅಂತ ಒತ್ತಿದರೆ ಆಪ್ ತಡೆಯಬಹುದು. "ಒಂದ್ ಅರವತ್ತು ಬರ್ಕೊ" ಅಂದದ್ದನ್ನು ಅದು ತಡೆಯುವುದಿಲ್ಲ.

ಹಾಗಾದರೆ ಏನು ಮಾಡಬೇಕು ಅಂತೀರಾ? ನನಗೆ ಅನಿಸಿದ್ದನ್ನು ಹೇಳುತ್ತೇನೆ.

ಮೊದಲ ಒಂದು ತಿಂಗಳು ಸೂತ್ರ ಬೇಡ. ಪ್ರತಿ ವಿದ್ಯಾರ್ಥಿಯ ಕೈಗೆ ಒಂದು ಖಾಲಿ ಫಾರಂ ಕೊಡಿ, ತನ್ನ ಬೀದಿಯ ಹತ್ತು ಮನೆಗೆ ಕಳಿಸಿ. ಒಂದು ವಾರ ಬಿಟ್ಟು ಅದೇ ಹತ್ತು ಮನೆಗೆ ಇನ್ನೊಬ್ಬ ವಿದ್ಯಾರ್ಥಿಯನ್ನು ಕಳಿಸಿ, ಮೊದಲಿನ ಫಾರಂ ತೋರಿಸಬೇಡಿ. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಲಿ. ಇದು ನನ್ನ ಹೊಸ ಐಡಿಯಾ ಅಲ್ಲ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಪಿ.ಸಿ. ಮಹಲನೋಬಿಸ್ ಅವರು ಬಂಗಾಳದಲ್ಲಿ ಬೆಳೆ ಸಮೀಕ್ಷೆ ಮಾಡುವಾಗಲೇ ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳಿಸಿ, ಎರಡು ಉತ್ತರದ ಅಂತರದಿಂದ ತಪ್ಪಿನ ಅಳತೆ ತೆಗೆಯುತ್ತಿದ್ದರು. ಅಷ್ಟು ದೊಡ್ಡ ಸಂಖ್ಯಾಶಾಸ್ತ್ರಜ್ಞರೇ ಮೊದಲು ಅನುಮಾನಪಟ್ಟದ್ದು ಹೊಲಕ್ಕೆ ಹೋಗಿ ಬಂದವರ ಕಾಗದವನ್ನು. ಅವರಿಗೂ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಅವರಿಗೂ ನಡೆದ ಚರ್ಚೆಯನ್ನು ಕ್ಲಾಸಿನಲ್ಲಿ ಹೇಳಿ. ಇಳುವರಿ ಅಳೆಯಲು ಹೊಲದಲ್ಲಿ ಎಷ್ಟು ಜಾಗದ ಪೈರು ಕೊಯ್ಯಬೇಕು ಅನ್ನುವ ಚರ್ಚೆ ಅದು. ಜಾಗ ತೀರಾ ಚಿಕ್ಕದಾದರೆ ಗೆರೆಯ ಮೇಲಿನ ಪೈರನ್ನು ಕೊಯ್ಯುವವರು ಒಳಗೇ ಸೇರಿಸಿಕೊಳ್ಳುತ್ತಾರೆ, ಇಳುವರಿ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ ಅಂತ ಸುಖಾತ್ಮೆ ತೋರಿಸಿದರು. ನಮ್ಮ ರೈತರ ಬೆಳೆ ವಿಮೆ ಇವತ್ತಿಗೂ ಬಹುಮಟ್ಟಿಗೆ ಬೆಳೆ ಕಟಾವು ಪ್ರಯೋಗದ ಮೇಲೆ ನಿಂತಿದೆ. ಬಹಳ ಬೆಳೆಗಳಿಗೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ. ರಾಗಿ ಹೊಲದಲ್ಲಿ ಹಗ್ಗ ಹಿಡಿದು ನಿಂತವನ ಮಗ ನಿಮ್ಮ ಕ್ಲಾಸಿನಲ್ಲೇ ಕೂತಿರುತ್ತಾನೆ. ಗೆರೆಯ ಮೇಲಿನ ತೆನೆ ಒಳಗಾ ಹೊರಗಾ ಅಂತ ಅವನನ್ನು ಕೇಳಿ.

ಸರ್ಕಾರದ ಸಮೀಕ್ಷೆಗಳ ಬಿಡಿ ಬಿಡಿ ಮನೆಯ ಮಾಹಿತಿ, ಹೆಸರು ವಿಳಾಸ ತೆಗೆದದ್ದು, ಈಗ ಉಚಿತವಾಗಿ ಸಿಗುತ್ತದೆ. ಅದರ ಜೊತೆಗೆ ಕ್ಷೇತ್ರ ಸಿಬ್ಬಂದಿಗೆ ಕೊಟ್ಟ ಸೂಚನೆಗಳ ಪುಸ್ತಕವೂ ಸಿಗುತ್ತದೆ. ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಕುಟುಂಬ ಅನ್ನುವುದರಿಂದ ಹಿಡಿದು ಪ್ರತಿ ಪದಕ್ಕೂ ಅದರಲ್ಲಿ ವಿವರಣೆ ಇದೆ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಸಂಶೋಧನಾ ವಿಧಾನದ ಪಠ್ಯ ಇಲ್ಲ. ಅದನ್ನು ಕನ್ನಡಕ್ಕೆ ತನ್ನಿ. ದಯವಿಟ್ಟು ಜನ ಮಾತಾಡುವ ಕನ್ನಡಕ್ಕೆ ತನ್ನಿ. ಒಂದು ಪುಸ್ತಕದಲ್ಲಿ ಬಹುಲಕ, ಇನ್ನೊಂದರಲ್ಲಿ ಅದೇ ರೂಢಿಬೆಲೆ, ಮೂರನೇದರಲ್ಲಿ ಇಂಗ್ಲಿಷ್ ಪದ, ಹೀಗಾದರೆ ಮಕ್ಕಳು ಎಲ್ಲಿಗೆ ಹೋಗಬೇಕು? ನಮ್ಮ ವಿಶ್ವವಿದ್ಯಾಲಯಗಳೆಲ್ಲ ಒಂದು ಕಡೆ ಕೂತು ಇನ್ನೂರು ಪದ ಒಪ್ಪಿಕೊಂಡರೆ ಸಾಕು.

ಇನ್ನೊಂದು ಮಾತು, ಇದು ಸ್ವಲ್ಪ ಕಹಿ. ಪಿಎಚ್‌ಡಿ ಮಾಡುವ ಹುಡುಗರು ತಾವು ತುಂಬಿಸಿದ ಪ್ರಶ್ನಾವಳಿಯ ಕಟ್ಟನ್ನು ದುಡ್ಡು ಕೊಟ್ಟು ಹೊರಗಿನವರಿಂದ ಅನಾಲಿಸಿಸ್ ಮಾಡಿಸುತ್ತಿದ್ದಾರೆ. ನಿಮಗೂ ಗೊತ್ತು. ವಾಪಸ್ ಬರುವ ಕೋಷ್ಟಕದಲ್ಲಿ ಪಿ ಬೆಲೆ (ಕಂಡ ವ್ಯತ್ಯಾಸ ಬರೀ ಅದೃಷ್ಟದಿಂದಲೂ ಬಂದಿರಬಹುದಾ ಅಂತ ನೋಡುವ ಅಳತೆ) 0.05ಕ್ಕಿಂತ ಕಡಿಮೆ ಇದ್ದರೆ ಎಲ್ಲರಿಗೂ ಸಮಾಧಾನ. ಆ ಹುಡುಗರನ್ನು ನಾನು ಬೈಯುವುದಿಲ್ಲ, ಅವರಿಗೆ ಬೇರೆ ದಾರಿ ನಾವು ತೋರಿಸಿಲ್ಲ. ಯಾದೃಚ್ಛಿಕ ಮಾದರಿ, ಅಂದರೆ ಚೀಟಿ ಎತ್ತಿದ ಹಾಗೆ ಆರಿಸಿದ ಜನ, ಅಂತ ಬರೆದಿರುತ್ತಾರೆ, ನಿಜವಾಗಿ ಪರಿಚಯದವರಿಗೆ ಕೊಟ್ಟು ತುಂಬಿಸಿರುತ್ತಾರೆ. ಆಗ 0.05ಕ್ಕೆ ಅರ್ಥವೇ ಇಲ್ಲ, ಯಾಕಂದರೆ ಆ ಲೆಕ್ಕ ನಿಂತಿರುವುದೇ ಮಾದರಿ ಯಾದೃಚ್ಛಿಕ ಅನ್ನುವ ನಂಬಿಕೆಯ ಮೇಲೆ. ಮಹಾಪ್ರಬಂಧದಲ್ಲಿ ಒಂದು ಅಧ್ಯಾಯ ಕಡ್ಡಾಯ ಮಾಡಿ. ಯಾರನ್ನು ಕೇಳಬೇಕೆಂದಿದ್ದೆ, ಯಾರು ಸಿಗಲಿಲ್ಲ, ಯಾರು ಬೇಡ ಅಂದರು, ಹೆಂಡತಿಯ ಬದಲು ಗಂಡ ಎಷ್ಟು ಕಡೆ ಉತ್ತರ ಕೊಟ್ಟ, ಯಾವ ಪ್ರಶ್ನೆ ಕೆಲಸ ಮಾಡಲಿಲ್ಲ. ವೈವಾದಲ್ಲಿ ಮೊದಲ ಪ್ರಶ್ನೆ ಈ ಅಧ್ಯಾಯದಿಂದ ಬರಲಿ. ತಪ್ಪು ಒಪ್ಪಿಕೊಂಡವರಿಗೆ ಅಂಕ ಕಡಿಮೆ ಮಾಡಬೇಡಿ, ಇಲ್ಲದಿದ್ದರೆ ಎಲ್ಲರೂ ಮುಚ್ಚಿಡುವುದನ್ನೇ ಕಲಿಯುತ್ತಾರೆ. ಲೆಕ್ಕವನ್ನು ಅವರೇ ಮಾಡಲಿ. ಆರ್ ಅನ್ನುವ ತಂತ್ರಾಂಶ ಉಚಿತ. ಅದೂ ಕಷ್ಟ ಅನಿಸಿದರೆ ಕಂಪ್ಯೂಟರಿನ ಸಾಮಾನ್ಯ ಲೆಕ್ಕದ ಹಾಳೆ ಸಾಕು, ನಮ್ಮ ಎಂಎ ಮಟ್ಟಕ್ಕೆ ಬೇಕಾದ ಬಹುಪಾಲು ಅದರಲ್ಲೇ ಆಗುತ್ತದೆ.

ಮಾನಕ ವಿಚಲನೆ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಬೇಕು, ಕೈ-ವರ್ಗವೂ ಬೇಕು, ಹಿಂಚಲನೆಯೂ ಬೇಕು. ಎರಡನೇ ತಿಂಗಳಲ್ಲಿ, ತಾವೇ ತಂದ ಅಂಕಿಗಳ ಮೇಲೆ ಕಲಿಯಲಿ. ಎರಡು ವಿದ್ಯಾರ್ಥಿಗಳು ಒಂದೇ ಮನೆಯ ಆದಾಯವನ್ನು ಬೇರೆ ಬೇರೆ ಬರೆದುಕೊಂಡು ಬಂದಾಗ, ಈ ಚದುರುವಿಕೆಯನ್ನು ಅಳೆಯುವುದು ಹೇಗೆ ಅಂತ ಅವರೇ ಕೇಳುತ್ತಾರೆ. ಆಗ ಸೂತ್ರ ಕೊಡಿ.

ನನ್ನ ಸೆಮಿಸ್ಟರ್ ಪಾಠದಲ್ಲಿ ಇದಕ್ಕೆ ಜಾಗ ಇಲ್ಲ. ಹದಿನಾರು ಗಂಟೆಯಲ್ಲಿ ನಾಲ್ಕು ಘಟಕ ಮುಗಿಸಬೇಕು, ಪ್ರಶ್ನೆಪತ್ರಿಕೆಯಲ್ಲಿ ಬರುವುದು ಸೂತ್ರ. ಹಾಗಾಗಿ ಶನಿವಾರ ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಇಷ್ಟವಿದ್ದವರನ್ನು ಕೂರಿಸಿಕೊಂಡು ಮಾಡುತ್ತಿದ್ದೇನೆ. ಬಸ್ಸಿಗೆ ಹೊತ್ತಾಗುತ್ತದೆ ಅಂತ ಅರ್ಧ ಜನ ಎದ್ದು ಹೋಗುತ್ತಾರೆ. ಪಠ್ಯಕ್ರಮದೊಳಗೆ ಬಂದರೆ ಅವರಿಗೂ ಸಿಗುತ್ತದೆ. ಅದು ನಿಮ್ಮ ಕೈಯಲ್ಲಿದೆ, ನನ್ನ ಕೈಯಲ್ಲಿಲ್ಲ.

ಅಧ್ಯಯನ ಮಂಡಳಿಯ ಸಭೆಗೆ ಒಮ್ಮೆ ಕರೆದರೆ ಬರುತ್ತೇನೆ. ವಿದ್ಯಾರ್ಥಿಗಳು ತುಂಬಿದ ಜೋಡಿ ಫಾರಂಗಳನ್ನು, ಹೆಸರು ಅಳಿಸಿ, ಜೊತೆಗೆ ತರುತ್ತೇನೆ. ಒಂದೇ ಮನೆ, ಒಂದೇ ವಾರದ ಅಂತರ, ಇಬ್ಬರು ಕೇಳಿದ್ದು. ಒಂದರಲ್ಲಿ ಆ ಮನೆಯ ಸೊಸೆಯ ಕೆಲಸದ ಮುಂದೆ "ಇಲ್ಲ" ಅಂತ ಇದೆ. ಇನ್ನೊಂದರಲ್ಲಿ ಬೀಡಿ ಕಟ್ಟುತ್ತಾರೆ, ಹಸು ನೋಡಿಕೊಳ್ಳುತ್ತಾರೆ ಅಂತ ಇದೆ. ಎರಡನೇ ಫಾರಂ ತುಂಬಿದ ಹುಡುಗಿ, ಅಂಚಿನಲ್ಲಿ ಪೆನ್ಸಿಲ್‌ನಿಂದ ಸಣ್ಣದಾಗಿ ಬರೆದಿದ್ದಾಳೆ: ಈ ಸಲ ಅವರನ್ನೇ ಕೇಳಿದೆ.

ಇಂತಿ ನಿಮ್ಮವಳು,
ಒಬ್ಬ ಅತಿಥಿ ಉಪನ್ಯಾಸಕಿ